ನೋಡಿಕೊಳ್ಳುವವರಿಗೆ ಮುಪ್ಪು

ಪಾಲಿಬೆಟ್ಟದ ನಮ್ಮ ಕಾಫಿ ಎಸ್ಟೇಟಿನಲ್ಲಿ ಹೆಂಗಸರು ಹಣ್ಣು ಕೀಳುವ ಪಿಕ್ಕಿಂಗಿಗೆ ಹೋದಾಗ ಅವರ ಕೂಸುಗಳನ್ನು ನೋಡಿಕೊಳ್ಳುತ್ತಿದ್ದವಳು ಆಯಾ ಸುಬ್ಬಜ್ಜಿ. ಕೂಲಿಯವರ ಮನೆಗಳ ಸಾಲಾದ ಲೈನಿನ ಕೊನೆಯಲ್ಲಿರುವ ಮಕ್ಕಳ ಮನೆಯೇ ಅವಳ ರಾಜ್ಯ. ನನ್ನನ್ನು ಆಡಿಸಿದ್ದೂ ಅವಳೇ, ಆಮೇಲೆ ನನ್ನ ಮಗಳು ಚಿನ್ನಳನ್ನು ಆಡಿಸಿದ್ದೂ ಅವಳೇ. ಮದುವೆ ಯಾಕೆ ಆಗಲಿಲ್ಲ ಎಂದರೆ, "ಇಷ್ಟು ಜನರ ಮೂಗು ಒರೆಸಿ ಆಯ್ತು, ಗಂಡನದೊಂದು ಬೇರೆ ಯಾಕೆ?" ಎನ್ನುತ್ತಿದ್ದಳು.

ಕಳೆದ ವರ್ಷದಿಂದ ಅವಳು ಚಿನ್ನಳನ್ನು ಜವರಿ ಎಂದು ಕರೆಯತೊಡಗಿದಳು. ಜವರಿ ನಾನು. ನಮ್ಮ ಲೈನಿನಲ್ಲಿ ಮಗುವನ್ನು ಅವ್ವನ ಹೆಸರಲ್ಲೋ ಅಜ್ಜಿಯ ಹೆಸರಲ್ಲೋ ಕರೆದು ಮುದ್ದಾಡುವುದು ಇದ್ದದ್ದೇ. ಇದೂ ಮುದ್ದೇ ಎಂದುಕೊಂಡು ಎಲ್ಲರೂ ನಕ್ಕೆವು. ನಮ್ಮ ಬುದ್ಧಿಗೇ ಮಂಕು ಕವಿದಿತ್ತು.

ಒಂದು ಸಂಜೆ ಕಿತ್ತ ಹಣ್ಣು ತೂಕ ಹಾಕಿಸಿ ಮಗಳನ್ನು ಕರೆತರಲು ಹೋದೆ. ಸುಬ್ಬಜ್ಜಿ ಅವಳನ್ನು ಸೊಂಟದ ಮೇಲಿಟ್ಟುಕೊಂಡು ಬಾಗಿಲಿಗೆ ಅಡ್ಡ ನಿಂತಳು.

"ಯಾರು ನೀನು? ಜವರಿನ ಅವಳ ಅವ್ವನ ಕೈಗೇ ಕೊಡೋದು."

ನನ್ನ ಅವ್ವ ತೀರಿಕೊಂಡು ಎಷ್ಟೋ ವರ್ಷವಾಗಿದೆ. ಒಲೆಯ ಮೇಲೆ ಹಾಲು ಸೀದು ಕಪ್ಪಾಗಿತ್ತು. ಹಿಂಬಾಗಿಲು ತೆರೆದಿತ್ತು, ಅದರಾಚೆ ಕೆರೆ. ಅಂಬೆಗಾಲಿಡುವ ಕೂಸೊಂದು ಹೊಸ್ತಿಲ ಹತ್ತಿರವೇ ಕುಳಿತಿತ್ತು. ಸುಬ್ಬಜ್ಜಿಯನ್ನು ಸರಿಸಿ ಒಳಗೆ ನುಗ್ಗಿ ಆ ಕೂಸನ್ನು ಎತ್ತಿಕೊಂಡೆ.

ವಿರಾಜಪೇಟೆಯ ಡಾಕ್ಟರ್ ಶೋಭಿತಾ ಪರೀಕ್ಷೆ ಮಾಡಿಸಿ, ಮರೆವಿನ ಕಾಯಿಲೆ ಎಂದರು. ನನಗೆ ಸಿಟ್ಟು ಬಂತು. "ಅಷ್ಟು ಚುರುಕಿನ ತಲೆ ಹೇಗೆ ಮೇಡಂ ಕೆಟ್ಟೋಯ್ತು?" ಎಂದೆ.

"ನೆನಪಿಡೋ ಜೀವಕೋಶಗಳು ತಾವಾಗೇ ಬದುಕಲ್ಲಮ್ಮ. ಅವಕ್ಕೆ ಉಣಿಸೋಕೆ, ಕಸ ತೆಗೆಯೋಕೆ ಬೇರೆ ಕೋಶಗಳಿರ್ತವೆ. ಅವಕ್ಕೂ ವಯಸ್ಸಾಗುತ್ತೆ. ಕೆಲವು ಕೆಲಸಾನೂ ಮಾಡಲ್ಲ, ಸಾಯೋದೂ ಇಲ್ಲ. ಅಲ್ಲೇ ಉಳಿದು ಅಕ್ಕಪಕ್ಕದವನ್ನೂ ಕೆಡಿಸ್ತವೆ. ಈ ಕಾಯಿಲೆಗೆ ಅದೂ ಒಂದು ಕಾರಣ ಇರಬೇಕು ಅಂತಾರೆ. ಅದನ್ನ ಸರಿ ಮಾಡೋ ಔಷಧಿ ಇನ್ನೂ ಹುಡುಕ್ತಿದ್ದಾರೆ."

ಅಲ್ಲಿಯವರೆಗೆ ಗೋಡೆ ನೋಡುತ್ತಿದ್ದ ಸುಬ್ಬಜ್ಜಿ, "ಅಂದ್ರೆ ತಲೆಯೊಳಗಿನ ಆಯಾಗೂ ಮುಪ್ಪು ಬಂದದೆ," ಎಂದಳು. ಡಾಕ್ಟರ್ ನಕ್ಕು ಹೌದೆಂದರು. ನನಗೆ ನಗು ಬರಲಿಲ್ಲ.

ಮ್ಯಾನೇಜರ್ ಜಯಪ್ರಕಾಶ್ ಹೊಸ ಆಯಾ ಆಗಿ ಕಾವ್ಯಶ್ರೀಯನ್ನು ಕರೆತಂದರು. ಸುಬ್ಬಜ್ಜಿಯನ್ನು ಹೊರಗೆ ಹಾಕಿದರೆ ನಾವ್ಯಾರೂ ಪಿಕ್ಕಿಂಗಿಗೆ ಬರುವುದಿಲ್ಲ ಎಂದು ನಾನು ಜಗಳಕ್ಕೇ ನಿಂತೆ. ಕೊನೆಗೆ ಅವರು, "ಲೈನ್ ಮನೆಯಲ್ಲೇ ಇರಲಿ, ಹಗಲು ಮಕ್ಕಳ ಜೊತೆ ಕೂರಲಿ. ಆದ್ರೆ ಕೂಸು ಅವಳ ಕೈಗೆ ಕೊಡಬಾರದು," ಎಂದರು. ಅದು ನ್ಯಾಯವೇ. ಆದರೆ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಜನ್ಮವಿಡೀ ಕೂಸು ಎತ್ತಿದವಳಿಗೆ ಆ ಮಾತು ಹೇಳಲು ನಮ್ಮಲ್ಲಿ ಒಬ್ಬರಿಗೂ ಬಾಯಿ ಬರಲಿಲ್ಲ.

ತಲೆ ತಿಳಿಯಾಗಿದ್ದ ಒಂದು ಬೆಳಿಗ್ಗೆ ಅವಳೇ ಕಾವ್ಯಶ್ರೀಯನ್ನೂ ನನ್ನನ್ನೂ ಕರೆದಳು.

"ನಾನು ಕೂಸು ಕೇಳಿದ್ರೆ ಕೊಡಬೇಡಿ. ಅತ್ತರೂ ಕೊಡಬೇಡಿ, ಬೈದರೂ ಕೊಡಬೇಡಿ. ಆಣೆ ಮಾಡಿ."

ಕಾವ್ಯಶ್ರೀ ತಲೆ ತಗ್ಗಿಸಿದಳು. ಆಣೆ ಮಾಡಿದವಳು ನಾನು.

ಕೆಲವೇ ದಿನಗಳಲ್ಲಿ ಆ ಗಳಿಗೆ ಬಂದೇಬಿಟ್ಟಿತು. ಚಿನ್ನ ಅಳುತ್ತಿದ್ದಳು. ಸುಬ್ಬಜ್ಜಿ ಎರಡೂ ಕೈ ಚಾಚಿ, "ಕೊಡೇ, ನಾನು ಸಮಾಧಾನ ಮಾಡ್ತೀನಿ," ಎಂದಳು. ಚಿನ್ನಳೂ ಅವಳ ಕಡೆಗೇ ಬಾಗಿದಳು.

"ಬೇಡ ಸುಬ್ಬಜ್ಜಿ," ಎಂದೆ.

"ಪಾಪಿ, ನಾನು ನಿನಗೇನು ಮಾಡಿದ್ದೆ?" ಎಂದು ಅವಳು ಅತ್ತಳು. ನಾನು ಮಾಡಿದ ಆಣೆ ಅವಳಿಗೆ ನೆನಪಿರಲಿಲ್ಲ. ಮಗುವನ್ನು ಎದೆಗೆ ಒತ್ತಿಕೊಂಡು ಅಲ್ಲೇ ನಿಂತೆ, ಕೊಡಲಿಲ್ಲ.