ಆಯ ಕೂಡಿದ ಪಾಯ

ಮನುಷ್ಯನ ನಾಗರಿಕತೆ ಅವನು ತಲೆಯ ಮೇಲೊಂದು ಸೂರು ಮಾಡಿಕೊಂಡ ದಿನದಿಂದ ಆರಂಭವಾಯಿತೆಂದು ನಾನು ಮೇಷ್ಟ್ರಾಗಿದ್ದಷ್ಟು ವರ್ಷವೂ ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ನನ್ನ ತಂಗಿಯ ವಿಷಯದಲ್ಲಿ ಅದು ಇದ್ದ ಸೂರನ್ನು ಕೆಡವಿದ ದಿನದಿಂದ ಆರಂಭವಾಯಿತು.

ತಂಗಿ ಇರುವುದು ದೇವಸಮುದ್ರದಿಂದ ಒಳಗೆ ಹೋಗಬೇಕಾದ ಒಂದು ಹಳ್ಳಿಯಲ್ಲಿ. ಗಂಡ ತೀರಿಕೊಂಡ ಮೇಲೆ ಒಂದಿಷ್ಟು ಕುರಿ, ಒಬ್ಬಳೇ ಮಗಳು, ಒಂದು ಮಣ್ಣಿನ ಮಾಳಿಗೆ ಮನೆ, ಇಷ್ಟು ಅವಳ ಸಂಸ್ಥಾನ. ಮಗಳನ್ನು ಬಿ.ಜಿ. ಕೆರೆಗೆ ಕೊಟ್ಟಾಗಿತ್ತು. ಮಳೆ ಬಂದರೆ ಮಾಳಿಗೆ ಒಳಗು ಹೊರಗೆಂಬ ಭೇದ ಮಾಡುತ್ತಿರಲಿಲ್ಲ. ಗ್ರಾಮಸಭೆಯಲ್ಲಿ ಸರ್ಕಾರದ ವಸತಿ ಯೋಜನೆಯ ಪಟ್ಟಿಗೆ ತಂಗಿಯ ಹೆಸರು ಬಂತು. ಅದೇ ತಿಂಗಳು ಮಗಳು ಬಸುರಿಯೆಂಬ ಸುದ್ದಿಯೂ ಬಂತು. ಚೊಚ್ಚಲು ಹೆರಿಗೆ ತವರಿನಲ್ಲೇ ಆಗಬೇಕು. ತಂಗಿ ಎರಡೂ ಸುದ್ದಿ ಕೂಡಿಸಿ ತೀರ್ಮಾನ ಹೇಳಿದಳು: "ಅಣ್ಣಯ್ಯ, ನನ್ನ ಮಗಳ ಬಾಣಂತನ ಹೊಸ ಮನ್ಯಾಗೇ ಆಗ್ಬೇಕು."

ಯೋಜನೆಯ ಹಣ ಬರುವುದು ಕಂತಿನಲ್ಲಿ. ಕಂತು ಬರುವುದು ಫೋಟೊದಿಂದ. ಮೊದಲು ಖಾಲಿ ಜಾಗದ ಫೋಟೊ, ಆಮೇಲೆ ಪಾಯದ್ದು, ಹೀಗೆ ತಾರಸಿಗೆ ಮೋಲ್ಡು ಹಾಕಿ ಸುಣ್ಣಬಣ್ಣ ಬಳಿಯುವವರೆಗೂ ಹಂತಹಂತವಾಗಿ. ಪ್ರತಿ ಫೋಟೊದಲ್ಲೂ ಫಲಾನುಭವಿ ಖುದ್ದಾಗಿ ನಿಂತಿರಬೇಕು. ಮೊದಲ ಸಲ ಎಲ್ಲಿ ತೆಗೆದರೋ ಆ ಜಾಗವನ್ನು ಪಂಚಾಯ್ತಿಯ ಫೋನು ಗುರುತಿಟ್ಟುಕೊಳ್ಳುತ್ತದೆ, ಮುಂದೆ ಬೇರೆ ಕಡೆಯ ಫೋಟೊ ಒಪ್ಪುವುದಿಲ್ಲ. ಖಾಲಿ ಜಾಗ ತೋರಿಸಲು ಮಾಳಿಗೆ ಮನೆ ಕೆಡವಿದೆವು. ಮಣ್ಣಿನ ಗುಡ್ಡೆಯನ್ನು ಹಿಂದಕ್ಕೆ ತಳ್ಳಿ, ಮುಂದೆ ತಂಗಿಯನ್ನು ನಿಲ್ಲಿಸಿದೆವು. ಪಿಡಿಒ ಮೇಡಂ ಫೋಟೊ ತೆಗೆದರು. ತಂಗಿ ಕುರಿ ಕೂಡುವ ರೊಪ್ಪದ ಒಂದು ಮೂಲೆಗೆ ನಾಲ್ಕು ತಗಡು ಹೊದಿಸಿಕೊಂಡು, ನಾಲ್ಕು ತಿಂಗಳ ಮಾತೆಂದು, ಅಲ್ಲಿಗೆ ಒಲೆ ಸಾಗಿಸಿದಳು.

ಇಲ್ಲಿಯವರೆಗೆ ಯಾರದೂ ತಪ್ಪಿಲ್ಲ. ಇಲ್ಲಿಂದ ಮುಂದಿನದು ನನ್ನದು.

ನಮ್ಮ ಕಡೆ ಆಯ ನೋಡದೆ ಯಾರೂ ಪಾಯ ತೆಗೆಯುವುದಿಲ್ಲ. ಉದ್ದ ಅಗಲ ಗುಣಿಸಿ, ಭಾಗಿಸಿ, ಉಳಿದ ಶೇಷದಿಂದ ಆ ಮನೆ ಬಾಳುತ್ತದೋ ಇಲ್ಲವೋ ಎಂದು ತಿಳಿಯುವ ಲೆಕ್ಕ ಅದು. ಮೇಸ್ತ್ರಿ ಆಂಧ್ರದ ಗಡಿಯಾಚೆಯವನು, ದಾರ ಹಿಡಿದು ಅಳೆದ. ಎರಡು ಕಡೆಯೂ ದಾಯಾದಿಗಳ ಗೋಡೆ. ನಡುವೆ ಎಷ್ಟು ಗುಣಿಸಿದರೂ ಶೇಷ ಕೆಟ್ಟದ್ದೇ.

"ಏಂ ಚೇಸ್ತಾಂ ಸಾರ್, ಏನ್ ಮಾಡೋದು, ಆಯ ಕೂಡ್ತಿಲ್ಲ," ಎಂದು ದಾರ ಸುತ್ತಿದ.

ಗಣಿತದ ಮೇಷ್ಟ್ರ ಎದುರು ಒಬ್ಬ ಹಾಗೆ ದಾರ ಸುತ್ತಬಾರದು. ನಾನು ಕಾಗದ, ಪೆನ್ನು ತರಿಸಿದೆ. ಮಣ್ಣಿನ ಗುಡ್ಡೆಯ ಆಚೆ ವಿಶಾಲವಾದ ಹಿತ್ತಲಿತ್ತು, ಅದೂ ಅದೇ ಹಕ್ಕುಪತ್ರದ್ದು. ಅಲ್ಲಿ ಒಂದೂವರೆ ಮೊಳ ಅಗಲಿಸಿದರೆ ಎಂಥ ಆಯ ಬರುತ್ತದೆಂದರೆ, ಮೇಸ್ತ್ರಿ ಪೇಟ ತೆಗೆದು ನನಗೆ ಕೈಮುಗಿದ. ತಂಗಿಯ ಕಣ್ಣಲ್ಲಿ ನೀರು ಬಂತು. ಕುರಿ ಮಾರಿ ಕಲ್ಲು, ಸಿಮೆಂಟು ತರಿಸಿದಳು. ಪಾಯ ಮೊದಲು ನಾವೇ ಕಟ್ಟಬೇಕು, ಕಂತು ಆಮೇಲೆ. ಹಿತ್ತಲಲ್ಲಿ ಪಾಯ ಎದ್ದಿತು. ಗುದ್ದಲಿಯಿಂದ ಹೊಡೆದರೂ ಅಲುಗದಂಥ ಪಾಯ.

ಪಿಡಿಒ ಮೇಡಂ ಬಂದು ತಂಗಿಯನ್ನು ಪಾಯದ ಮುಂದೆ ನಿಲ್ಲಿಸಿದರು. ಫೋನು ಒಪ್ಪಲಿಲ್ಲ.

"ಅಮ್ಮ, ಸ್ವಲ್ಪ ಈ ಕಡೆ ಬರ್ರಿ. ಇನ್ನೂ ಬರ್ರಿ."

ತಂಗಿ ಗುಡ್ಡೆ ಹತ್ತಿ ಇಳಿದು, ಹಳೇ ಮನೆಯ ಬಯಲಲ್ಲಿ ನಿಂತಾಗ ಫೋನು ಸಂತೋಷದಿಂದ ಒಪ್ಪಿತು. ಅಲ್ಲಿಂದ ಕಾಣುತ್ತಿದ್ದುದು ತಂಗಿ ಮತ್ತು ಮಣ್ಣಿನ ಗುಡ್ಡೆ.

"ಇಲ್ಲಿ ನಿಂತ್ರೆ ಪಾಯ ಕಾಣಲ್ಲ, ಅಲ್ಲಿ ನಿಂತ್ರೆ ಫೋನ್ ಒಪ್ಪಲ್ಲ," ಎಂದರು ಮೇಡಂ. "ಜಾಗ ಬದಲಾಯ್ಸೋಕೆ ನನಗೆ ಬರಲ್ಲ ಸಾರ್. ಮೇಲಿನೋರು ಬಂದು ನೋಡ್ಬೇಕು. ಯಾವತ್ತು ಬರ್ತಾರೋ ಗೊತ್ತಿಲ್ಲ, ಅಮ್ಮ ಮಾತ್ರ ಊರು ಬಿಡ್ಬಾರ್ದು."

"ಫೋನಿಗೆ ಆಯದ ಲೆಕ್ಕ ತಿಳಿಸಿ ಹೇಳೋಕಾಗಲ್ವಾ ಅಣ್ಣಯ್ಯ?" ಎಂದಳು ತಂಗಿ. ಅವಳು ತಮಾಷೆ ಮಾಡುತ್ತಿರಲಿಲ್ಲ.

ನಾನು ಮೊಳಕಾಲ್ಮುರಿಗೆ ಹೋಗಿ ತಾಲ್ಲೂಕು ಪಂಚಾಯ್ತಿ ಕಚೇರಿಯ ಮೆಟ್ಟಿಲು ಹತ್ತಿದೆ. ಗುಮಾಸ್ತರು ಮರ್ಯಾದಸ್ಥರು, ಕುರ್ಚಿ ಕೊಟ್ಟು ಕಂಪ್ಯೂಟರನ್ನೇ ನನ್ನ ಕಡೆ ತಿರುಗಿಸಿದರು.

"ನಿಮ್ಮ ತಂಗಿಯವ್ರಿಗೆ ಮನೆ ಐತಲ್ಲ ಸಾರ್, ನೋಡ್ರಿ, ಮಂಜೂರು ಅಂತ ಹಸಿರು ಬಣ್ಣ."

"ಅವಳು ಕುರಿ ರೊಪ್ಪದಾಗೆ ಅದಾಳೆ ಸ್ವಾಮಿ."

"ಅದು ಇಲ್ಲಿ ಬರಲ್ಲ ಸಾರ್. ಇದನ್ನ ರದ್ದು ಮಾಡಿಸಿದ್ರೆ ಮುಂದಿನ ಪಟ್ಟಿಗೂ ಹೆಸರು ಸೇರಲ್ಲ. ಒಂದ್ಸಲ ಮನೆ ಸಿಕ್ಕೋರಿಗೆ ಮತ್ತೆ ಕೊಡಂಗಿಲ್ಲ."

"ಹಂಗಾರೆ ಏನ್ ಮಾಡ್ಬೇಕು?"

"ಕಾಯ್ಬೇಕು."

ಹೀಗೆ ನನ್ನ ತಂಗಿ, ಸರ್ಕಾರದ ಪ್ರಕಾರ ಮನೆಯುಳ್ಳವಳಾಗಿ, ತಗಡಿನ ಕೆಳಗೆ ಬೇಯತೊಡಗಿದಳು. ಹಳೆಯ ಮನೆಗೆ ಮರಳೋಣವೆಂದರೆ ಅದು ಗುಡ್ಡೆ. ಹಳೇ ಜಾಗದಲ್ಲಿ ಇನ್ನೊಂದು ಪಾಯ ಹಾಕೋಣವೆಂದರೆ ಮಾರಲು ಕುರಿ ಉಳಿದಿಲ್ಲ. ಕುರಿಯಿಲ್ಲದ ರೊಪ್ಪದಲ್ಲಿ ಅವಳೊಬ್ಬಳೇ. ದಿನಾ ಬೆಳಿಗ್ಗೆ ತಲೆ ಬಾಚಿಕೊಂಡು, ಒಗೆದ ಸೀರೆಯುಟ್ಟು, ಫೋಟೊಗೆ ಸಿದ್ಧಳಾಗಿ ಕೂರುತ್ತಿದ್ದಳು. ದೇವಸಮುದ್ರದ ಸಂತೆಗೂ ಹೋಗುತ್ತಿರಲಿಲ್ಲ.

ಮಗಳು ಫೋನು ಮಾಡುತ್ತಿದ್ದಳು. "ಅವ್ವ, ಏಳು ತುಂಬ್ತು. ಯಾವಾಗ ಬರ್ಲಿ?"

"ಮೋಲ್ಡ್ ಹಾಕ್ಲಿ ತಡಿಯೇ."

ಎಂಟಕ್ಕೂ ಅದೇ ಮಾತು. ಒಂಬತ್ತು ಹಿಡಿದಾಗ ಬೀಗಿತ್ತಿಯೇ ಫೋನು ಕಸಿದುಕೊಂಡಳಂತೆ. "ಏನವ್ವಾ, ಕೂಸು ಅಂಗನವಾಡಿಗೆ ಹೋಗೋ ಹೊತ್ತಿಗಾದ್ರೂ ನಿಮ್ಮನೆ ಮುಗೀತೈತಾ?"

ನಾನು ಹೋಗಿ ಹೇಳಿದೆ: "ನಿನ್ನ ಮಗಳನ್ನ ಚಳ್ಳಕೆರೆಗೆ, ನಮ್ಮನೆಗೆ ಕರ್ಕೊಂಡು ಹೋಗ್ತೀನಿ. ನೀನೂ ಬಾ."

"ನಾನು ಅತ್ಲಾಗೆ ಬಂದಾಗ ಅವರು ಇತ್ಲಾಗೆ ಬಂದ್ರೆ?" ಎಂದಳು. ಪಾಯದ ಕಡೆ ನೋಡಿ, "ಆಯ ಮಾತ್ರ ಚೆನ್ನಾಗೈತಲ್ಲ ಅಣ್ಣಯ್ಯ?" ಎಂದು ಕೇಳಿದಳು.

"ಚೆನ್ನಾಗೈತವ್ವ," ಎಂದೆ. ಲೆಕ್ಕದಲ್ಲಿ ತಪ್ಪಿರಲಿಲ್ಲ. ತಂಗಿ ಎದ್ದು ಒಲೆಯ ಮುಂದೆ ಕೂತು, ಮಗಳಿಗೆಂದು ಇಟ್ಟಿದ್ದ ಕೊಬ್ಬರಿ, ಬೆಲ್ಲ, ಮೆಂತ್ಯ, ಹಳೇ ಸೀರೆಯ ಬಟ್ಟೆ ಎಲ್ಲವನ್ನೂ ಗಂಟು ಕಟ್ಟಿ ನನ್ನ ಕೈಗಿಟ್ಟಳು. ಬಸ್ಸಿನವರೆಗೂ ಬರಲಿಲ್ಲ.

ಹೆರಿಗೆ ಚಳ್ಳಕೆರೆಯಲ್ಲಾಯಿತು, ಹೆಣ್ಣು ಮಗು. ಎಣ್ಣೆ ಮಿಲ್ಲಿನ ಹಿಂದಿರುವ ನನ್ನ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ನನ್ನ ಹೆಂಡತಿ ಬಾಣಂತನ ಮಾಡಿದಳು. ತಂಗಿ ಮಗುವನ್ನು ಇನ್ನೂ ಎತ್ತಿಕೊಂಡಿಲ್ಲ. ಪಾಯದ ಫೋಟೊ ಆಗಿಲ್ಲ.