ಕೊಕ್ಕರೆಯ ತಲೆಗೆ ಕುಂಕುಮ

ಇವತ್ತು ಬೆಳಿಗ್ಗೆ ಹಳೇ ಪಂಚೆಯ ತುಂಡಿಗೆ ಒಂದು ತೊಟ್ಟು ತೆಂಗಿನೆಣ್ಣೆ ಹಾಕಿಕೊಂಡು ಟ್ರೇ ಒರೆಸಲು ಕೂತೆ. ಎಣ್ಣೆಯ ವಾಸನೆ ಮೂಗಿಗೆ ಬಂದದ್ದೇ ತಡ, ಹನ್ನೆರಡು ವರ್ಷದ ಹಿಂದಿನ ಹೆದರಿಕೆ ನೆನಪಾಯಿತು. ಈಗ ನಗು ಬರುತ್ತದೆ ಬಿಡಿ.

ನಮ್ಮ ಡೊಂಬಿವಲಿಯ ಮನೆಯಲ್ಲಿ ಅದಕ್ಕೆ ಜಪಾನ್ ಟ್ರೇ ಎಂದೇ ಹೆಸರು. ಜಪಾನಿಗೂ ಅದಕ್ಕೂ ಸಂಬಂಧವಿಲ್ಲ, ವಿಲಾಯಿತಿ ಸರಕಂತೆ. ತಗಡಿನ ಮೇಲೆ ಮುಖ ಕಾಣುವಷ್ಟು ಹೊಳೆಯುವ ಕಪ್ಪು ಮೆರುಗು, ಅಂಚಿಗೆ ಚಿನ್ನದ ಬಣ್ಣದ ಬಳ್ಳಿ, ನಡುವೆ ಎರಡು ಕೊಕ್ಕರೆ. ಅತ್ತೆಯ ಅಪ್ಪ ಉಡುಪಿ ಕಡೆಯಿಂದ ಬಂದು ಮುಂಬೈಯ ಪಾರ್ಸಿ ಮನೆಯೊಂದರಲ್ಲಿ ಅಡುಗೆಗಿದ್ದವರು. ಆ ಮನೆಯ ಮುದುಕಿ ಕೊಟ್ಟದ್ದನ್ನು ಅವರು ಮಗಳಿಗೆ ಕೊಟ್ಟರು. ಮಗಳು ಅದನ್ನು ಸೀರೆಗಳ ನಡುವೆ ಮಲಗಿಸಿ ಕಪಾಟಿಗೆ ಬೀಗ ಹಾಕಿದರು. ದೊಡ್ಡ ನೆಂಟರು ಬಂದರೆ ಮಾತ್ರ ಹೊರಗೆ. ಸೋಪು ಮುಟ್ಟಿಸುವ ಹಾಗಿಲ್ಲ, ನೀರು ಮುಟ್ಟಿಸುವ ಹಾಗಿಲ್ಲ, ಸೊಸೆ ಮುಟ್ಟುವ ಹಾಗಂತೂ ಇಲ್ಲವೇ ಇಲ್ಲ. ಮದುವೆಯಾಗಿ ಏಳು ವರ್ಷ ನಾನು ಬಾಗಿಲಲ್ಲಿ ನಿಂತು ನೋಡಿದ್ದೇ ಬಂತು. ಒಂದು ಟ್ರೇ ಹಿಡಿಯುವ ಯೋಗ್ಯತೆಯೂ ಇಲ್ಲವೇ ನನಗೆ ಎಂದು ಒಳಗೊಳಗೇ ಕುದಿಯುತ್ತಿದ್ದೆ.

ಆಮೇಲೆ ಒಂದು ದಸರೆಯ ಹಿಂದಿನ ದಿನ, ಠಾಣೆಯ ಮಾಜಿವಾಡಾದಲ್ಲಿರುವ ನನ್ನ ಗಂಡನ ಅಕ್ಕನ ಮನೆಗೆ ಅವರ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವುದಿತ್ತು. ಬಂದವರಿಗೆ ಕಾಫಿ ಕೊಡಲು ಅಕ್ಕನಿಗೆ ಆ ಟ್ರೇಯೇ ಬೇಕು. ಅತ್ತೆಗೆ ಮೊಣಕಾಲು ನೋವು, ಲೋಕಲ್ ರೈಲು ಹತ್ತಲಾರರು. ನನ್ನ ಆಫೀಸೂ ಆಗ ಠಾಣೆಯಲ್ಲೇ, ವಾಗ್ಳೆ ಎಸ್ಟೇಟಿನಲ್ಲಿ. ಬೇರೆ ದಾರಿಯಿಲ್ಲದೆ ಅತ್ತೆ ಟ್ರೇಯನ್ನು ಟವೆಲಿನಲ್ಲಿ ಸುತ್ತಿ ನನ್ನ ಚೀಲಕ್ಕೆ ಇಳಿಸಿದರು.

"ಮಗುವನ್ನು ಹಿಡ್ಕೊಂಡ ಹಾಗೆ ಹಿಡ್ಕೊ. ಎಲ್ಲಿಯೂ ಬಿಚ್ಚುದು ಬೇಡ" ಎಂದರು.

ಆ ದಿನ ರೈಲಿನ ಲೇಡೀಸ್ ಡಬ್ಬಿಯಲ್ಲಿ ಪೂಜೆ, ಅರಿಶಿನ ಕುಂಕುಮ ಇರುತ್ತದೆ ಎಂಬುದು ನನಗೆ ಮರೆತೇ ಹೋಗಿತ್ತು. ಚೆಂಡುಹೂವಿನ ಮಾಲೆಗಳ ನಡುವೆ ದಿನಾ ಜೊತೆಗೆ ಹೋಗುವ ನಮ್ಮ ಗುಂಪಿನ ಸುಲಭಾತಾಯ್ ತಲೆಯ ಮೇಲೆ ಕೈಹೊತ್ತು ನಿಂತಿದ್ದರು. ಅರಿಶಿನ ಕುಂಕುಮ ಇಡುವ ತಟ್ಟೆಯನ್ನು ಮನೆಯಲ್ಲೇ ಬಿಟ್ಟು ಬಂದಿದ್ದರು.

"ಅಗ, ಪಿಶ್ವೀತ್ ಕಾಯ್ ಆಹೆ?" ಎಂದು, ಚೀಲದಲ್ಲೇನಿದೆ ಎಂದು ಮರಾಠಿಯಲ್ಲಿ ಕೇಳುತ್ತ ನನ್ನ ಚೀಲ ತಡವಿದರು.

ಏನೂ ಇಲ್ಲ ಎನ್ನಬಹುದಿತ್ತು. ಆದರೆ, ನಿಮ್ಮ ಹತ್ತಿರ ಮುಚ್ಚಿಡುವುದೇನು, ಏಳು ವರ್ಷ ಮುಟ್ಟಲಾಗದ್ದನ್ನು ಹಿಡಿದು ನಾಲ್ಕು ಜನರ ಮುಂದೆ ಮೆರೆಯುವ ಆಸೆ ನನಗೆ. ಟವೆಲು ಬಿಚ್ಚಿದೆ. ಡಬ್ಬಿಗೆ ಡಬ್ಬಿಯೇ ಕತ್ತು ಚಾಚಿ ನೋಡಿತು. ಅದರಲ್ಲಿಟ್ಟು ಅರಿಶಿನ ಕುಂಕುಮ ಕೊಡುವ ಕೆಲಸವೂ ನನಗೇ ಬಂತು. ಮುಂಬ್ರಾ ದಾಟುವಾಗ ಗಾಡಿ ಎಳೆದ ಎಳೆತಕ್ಕೆ ತೆಂಗಿನೆಣ್ಣೆಯಲ್ಲಿ ಕಲಸಿಟ್ಟ ಕುಂಕುಮದ ಬಟ್ಟಲು ಟ್ರೇಯ ಮೇಲೇ ಮಗುಚಿತು. ಒರೆಸಿದಷ್ಟೂ ಕೆಂಪು ಬಣ್ಣ ಕಪ್ಪು ಮೆರುಗಿನ ಸಣ್ಣ ಬಿರುಕುಗಳಿಗೆ ಇಳಿದು, ಒಂದು ಕೊಕ್ಕರೆಗೆ ಹುಂಜದ ಜುಟ್ಟು ಬಂತು.

ಸಂಜೆ ಮಾಜಿವಾಡಾದಲ್ಲಿ ಆ ಜುಟ್ಟಿನ ಮೇಲೆ ಒಂದು ಕಪ್ ಇಟ್ಟು ಮುಚ್ಚಿದೆ. ಗಂಡಿನ ತಾಯಿ ಮೊದಲು ಎತ್ತಿಕೊಂಡದ್ದು ಅದನ್ನೇ. ಸದ್ಯ, ಅವರ ಕಣ್ಣು ಹುಡುಗಿಯ ಮೇಲಿತ್ತು.

ಮನೆಗೆ ಬಂದು ಅತ್ತೆಯ ಮುಂದೆ ಟ್ರೇ ಇಟ್ಟು ನಡೆದದ್ದನ್ನೆಲ್ಲ ಹೇಳಿದೆ. ಅವರು ಕೆಂಪಿನ ಮೇಲೆ ಬೆರಳಾಡಿಸಿದರು.

"ಡಬ್ಬಿಯಲ್ಲಿ ಎಷ್ಟು ಜನ ಇದ್ರು?"

"ಇಪ್ಪತ್ತೈದು ಇರ್ಬಹುದು ಅತ್ತೆ."

"ಎಲ್ಲರಿಗೂ ಕುಂಕುಮ ನೀನೇ ಕೊಟ್ಟದ್ದಾ?"

"ಹೌದು. ಕಡೆಗೆ ನನ್ನನ್ನೂ ಕೂರಿಸಿ ಕೊಟ್ರು."

"ನಿಂಗೂ ಕೊಟ್ರಾ?" ಅತ್ತೆ ಟ್ರೇಯನ್ನು ತಮ್ಮ ಕಡೆಗೆ ಎಳೆದುಕೊಂಡರು. "ಇದ್ರಲ್ಲಿ ಇಟ್ಟು ನಂಗೆ ಯಾರೂ ಏನೂ ಕೊಟ್ಟದ್ದಿಲ್ಲ ಮಾರಾಯ್ತಿ. ಬೇರೆಯವರಿಗೆ ನಾನು ಕೊಟ್ಟದ್ದೇ."

ಆಮೇಲೆ ಕಪಾಟಿನ ಬೀಗದ ಕೈ ತೆಗೆದು, ಇನ್ನು ನೀನೇ ಇಟ್ಕೊ ಎಂದು ನನ್ನ ಕೈಗೆ ಹಾಕಿದರು.

ಬೈಗುಳ ತಪ್ಪಿತು, ಟ್ರೇ ನನ್ನದಾಯಿತು ಎಂಬ ಖುಷಿಯಲ್ಲಿ ಅವರ ಮಾತು ನನ್ನ ಕಿವಿಗೆ ಬಿದ್ದರೂ ಒಳಗೆ ಇಳಿಯಲಿಲ್ಲ. ಹನ್ನೆರಡು ವರ್ಷ ಬಂದುಹೋದವರಿಗೆಲ್ಲ ಅದರಲ್ಲಿ ಕಾಫಿ ಕೊಟ್ಟೆ. ಅತ್ತೆಗೆ ಮಾತ್ರ ಅಡುಗೆಮನೆಯ ಸ್ಟೀಲ್ ಲೋಟ. ಇವತ್ತು ಆ ಕೆಂಪನ್ನು ಒರೆಸುತ್ತಿದ್ದಾಗ ಆ ಮಾತು ಮೊದಲ ಸಲ ಕೇಳಿಸಿದ ಹಾಗಾಯಿತು. ಎಂಥ ಪೆದ್ದಿ ನಾನು ಎಂದು ನಾಚಿಕೆಯಾಯಿತು.

ಕಾಫಿ ಮಾಡಿ, ಪಿಂಗಾಣಿ ಕಪ್‌ಗೆ ಹೊಯ್ದು, ಟ್ರೇಯಲ್ಲಿಟ್ಟು, ಬಾಲ್ಕನಿಯಲ್ಲಿ ಅಲಸಂಡೆ ಮುರಿಯುತ್ತಿದ್ದ ಅತ್ತೆಯ ಮುಂದೆ ಹಿಡಿದೆ. ಅವರು ತಿರುಗಿ ಬಾಗಿಲ ಕಡೆ ನೋಡಿದರು.

"ಯಾರು ಬಂದದ್ದು?"

"ಯಾರೂ ಇಲ್ಲ ಅತ್ತೆ. ಇದು ನಿಮಗೆ."

ಅತ್ತೆ ಕೈ ಒರೆಸಿಕೊಂಡರು. ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು. ಆಮೇಲೆ ಕಪ್ ಎತ್ತಿಕೊಂಡರು.