ಕ್ಲೈವ್ ತಾತನ ಹೆಸರಿಗಾಗಿ ತೊಂಬತ್ತು ಮೈಲಿ

ಬೆಳಿಗ್ಗೆ ಎಂಟಕ್ಕೆ ಶೆಫೀಲ್ಡಿನ ಬ್ರೂಮ್‌ಹಿಲ್‌ನಿಂದ ಹೊರಟೆವು. ಕಾರು ನಸೀಮಾ ಅಕ್ಕನದು. ಮೈಸೂರಿನವರು, ಇಲ್ಲಿ ಡಾಕ್ಟರು. ಹಿಂದಿನ ಸೀಟಿನಲ್ಲಿ ಇಸ್ತ್ರಿ ಮಾಡಿದ ಕೋಟು ತೊಟ್ಟ ಕ್ಲೈವ್ ತಾತ, ನನ್ನ ಪಕ್ಕದ ಮನೆಯವರು. ವಯಸ್ಸು ಎಂಬತ್ತೆರಡು. ಜಮೈಕಾದಲ್ಲಿ ಹುಟ್ಟಿ, ಹರೆಯದಲ್ಲೇ ಯಾರ್ಕ್‌ಷೈರಿಗೆ ಬಂದು ರೇಸ್ ಕುದುರೆಗಳ ಲಾಯದಲ್ಲಿ ದುಡಿದವರು. ನಾನು ಇತಿಹಾಸದ ಎಂ.ಎ. ವಿದ್ಯಾರ್ಥಿನಿ, ಹುಟ್ಟಾ ಗಾಬರಿಯವಳು.

ಬರ್ಮಿಂಗ್‌ಹ್ಯಾಮ್‌ನ ಒಂದು ಸಭಾಂಗಣದಲ್ಲಿ, ಕುದುರೆ ರೇಸಿನಲ್ಲಿ ದುಡಿದ ಕಪ್ಪು ಜನರ ಚರಿತ್ರೆಯ ಪ್ರದರ್ಶನ ಶುರುವಾಗಲಿತ್ತು. ಗೆದ್ದ ಹೆಣ್ಣುಕುದುರೆಯೊಂದರ ಹಳೆಯ ಫೋಟೋದ ಕೆಳಗೆ ಮಾಲೀಕನ, ಜಾಕಿಯ, ಕುದುರೆಯ ಹೆಸರಿತ್ತು; ಲಗಾಮು ಹಿಡಿದವನು ಮಾತ್ರ 'ಅಪರಿಚಿತ'. ಕುದುರೆ ತಲೆ ಎತ್ತಿದ್ದರಿಂದ ಅವನ ಮುಖ ಮರೆಯಾಗಿತ್ತು. ಅದು ತಾವೇ ಎನ್ನುತ್ತಿದ್ದರು ತಾತ. ಆಧಾರ ಬೇಕು, ಇವತ್ತು ಸಂಜೆ ಫಲಕ ಅಚ್ಚಿಗೆ ಹೋಗುತ್ತದೆ ಎಂದಿದ್ದರು ಸಂಘಟಕಿ ಮಾರ್ಷಾ. ಇದ್ದ ಆಧಾರ ತಾತನ ನೆನಪೊಂದೇ, ಅದೋ ಒಂದು ವರ್ಷದಿಂದ ಕೈಕೊಡುತ್ತಿತ್ತು.

ಎಂ ಒನ್ ರಸ್ತೆಯ ಉದ್ದಕ್ಕೂ ಜಿಟಿಜಿಟಿ ಮಳೆ. ಅರ್ಧ ದಾರಿಯಲ್ಲಿ ನಿಲ್ಲಿಸಿ ನನ್ನ ಚಿತ್ರಾನ್ನದ ಡಬ್ಬಿ ಬಿಚ್ಚಿದೆವು. ಇದಕ್ಕೆ ಖಾರವೇ ಇಲ್ಲವಲ್ಲ ಎಂದು ತಾತ ಜೇಬಿನಿಂದ ಮೆಣಸಿನಕಾಯಿ ಸಾಸಿನ ಪುಟ್ಟ ಬಾಟಲಿ ತೆಗೆದು ಸುರಿದುಕೊಂಡರು. ನಾನು ನನ್ನ ಪಾಲನ್ನು ಪಕ್ಕಕ್ಕಿಟ್ಟೆ. ಯಾವ ವರ್ಷ, ಯಾವ ಊರಿನ ರೇಸು ಎಂದು ಒಂದೇ ಸಮನೆ ಕೇಳಿದೆ. ಕುದುರೆಯ ಹೆಸರು ಕೇಳಿದಾಗ ತೀರಿಕೊಂಡ ಹೆಂಡತಿಯ ಹೆಸರು ಹೇಳಿದರು. ನಾನು ಮತ್ತೆ ಮೊದಲಿನಿಂದ ಕೇಳತೊಡಗಿದೆ.

"ಸುಮ್ನಿರಮ್ಮ, ಅವ್ರೇನು ಎಕ್ಸಾಮ್ ಬರೆಯೋಕೆ ಹೋಗ್ತಿಲ್ಲ. ನಿನ್ ಗಾಬರಿ ಅವ್ರಿಗೂ ಅಂಟ್ಕೊಳ್ಳುತ್ತೆ," ಎಂದರು ನಸೀಮಾ ಅಕ್ಕ.

ಅಂಟಿಕೊಂಡೇ ಬಿಟ್ಟಿತ್ತು. ಸಭಾಂಗಣದಲ್ಲಿ ಮಾರ್ಷಾ ಎಷ್ಟು ಮೆತ್ತಗೆ ಕೇಳಿದರೂ ತಾತನಿಗೆ ವರ್ಷವೂ ನೆನಪಾಗಲಿಲ್ಲ, ಊರೂ ನೆನಪಾಗಲಿಲ್ಲ. ಕೋಟಿನ ಗುಂಡಿಯನ್ನು ಹಾಕುತ್ತ ಬಿಚ್ಚುತ್ತ ಕೂತರು. ಇಷ್ಟು ದೂರ ಕರೆತಂದು ಮುದುಕರನ್ನು ಅವಮಾನಕ್ಕೆ ಗುರಿಮಾಡಿದೆನಲ್ಲ ಎಂದು ನನ್ನನ್ನು ನಾನೇ ಶಪಿಸಿಕೊಂಡೆ.

ಆ ಫೋಟೋದ ಮಸುಕು ಪ್ರತಿಯನ್ನಷ್ಟೇ ನಾವು ಫೋನಿನಲ್ಲಿ ನೋಡಿದ್ದೆವು. ದೊಡ್ಡ ಪ್ರತಿ ಕೋಣೆಯ ಆಚೆ ತುದಿಯ ಮೇಜಿನ ಮೇಲಿತ್ತು. ನಸೀಮಾ ಅಕ್ಕ ಹೋಗಿ ಅದನ್ನು ಬಹಳ ಹೊತ್ತು ನೋಡಿದರು. ಅವರ ಅಬ್ಬಾ ಮೈಸೂರಿನ ರೇಸ್‌ಕೋರ್ಸ್ ಲಾಯದಲ್ಲಿ ಕುದುರೆ ಉಜ್ಜಿ, ತೊಳೆದು ಮಕ್ಕಳನ್ನು ಓದಿಸಿದವರು. ಅಕ್ಕ ಅಲ್ಲಿ ಕಂಡದ್ದನ್ನು ಹೇಳದೆ ಬಂದು, ತಮ್ಮ ಶಾಲಿನ ಕುಚ್ಚಿನ ಅಂಚನ್ನು ತಾತನ ಕೈಗಿಟ್ಟು, ರೇಸಿನ ದಿನ ಆ ಕುದುರೆಯನ್ನು ಹೇಗೆ ಸಿಂಗರಿಸುತ್ತಿದ್ದಿರಿ ಎಂದು ಕೇಳಿದರು.

ತಾತನ ಬೆರಳುಗಳು ತಾವಾಗಿಯೇ ಓಡತೊಡಗಿದವು. ಕುದುರೆಯ ಕತ್ತಿನ ಕೂದಲಿಗೆ ಹಾಕುವಂತೆ ಪುಟ್ಟ ಪುಟ್ಟ ಜಡೆ ಹೆಣೆದು, ಮಡಚಿ, ತಾತ ಅಂಚಿನ ತನಕ ಬಂದರು. ಕೊನೆಯ ಕುಚ್ಚನ್ನು ಹಾಗೇ ಬಿಟ್ಟು ಕೈ ತೆಗೆದರು. ಅಯ್ಯೋ, ಇದನ್ನೂ ಮರೆತರಲ್ಲ ಎಂದುಕೊಂಡೆ.

ಅದನ್ನೇಕೆ ಬಿಟ್ಟಿರಿ ಎಂದು ಮಾರ್ಷಾ ಕೇಳಿದರು.

"ಭುಜದ ಹತ್ತಿರ ಮುಟ್ಟಿದರೆ ಒದೆಯುತ್ತಿದ್ದಳು. ಯಜಮಾನರು ಬೈದರೂ ನಾನು ಅಲ್ಲಿ ಜಡೆ ಹಾಕುತ್ತಿರಲಿಲ್ಲ," ಎಂದರು ತಾತ.

ಮಾರ್ಷಾ ಫೋಟೋದ ಹತ್ತಿರ ಹೋದರು, ಹಿಂದೆಯೇ ನಾನೂ. ಕತ್ತಿನುದ್ದಕ್ಕೂ ಅಚ್ಚುಕಟ್ಟಾದ ಜಡೆಗಳು, ಭುಜದ ಬಳಿ ಮಾತ್ರ ಕೆದರಿದ ಕೂದಲು. ಮಾರ್ಷಾ ಕರಡು ಹಾಳೆಯಲ್ಲಿ 'ಅಪರಿಚಿತ' ಹೊಡೆದುಹಾಕಿ ತಾತನ ಪೂರ್ತಿ ಹೆಸರು ಬರೆದರು. ನಾನು ಅದರ ಫೋಟೋ ತೆಗೆದುಕೊಂಡೆ. ಅಕ್ಕ ಶಾಲಿನ ಜಡೆ ಬಿಚ್ಚಲಿಲ್ಲ.

ಹಿಂದಿರುಗುವಾಗ ಡರ್ಬಿಯ ಹತ್ತಿರ ತಾತ ತೂಕಡಿಕೆಯಿಂದ ಎದ್ದರು. "ತಡವಾಯಿತೇ? ನನ್ನ ಹೆಸರು ಬರೆಯುತ್ತಾರಾ?" ಎಂದರು.

ಫೋನು ತೋರಿಸಿದೆ. ಕನ್ನಡಕ ಏರಿಸಿ, ಬೆರಳಿಟ್ಟು ಓದಿ, ಮುಖವೆಲ್ಲ ಅರಳಿಸಿ ನಕ್ಕರು. ಕಾಲು ಗಂಟೆಗೆ ಮತ್ತೆ ಅದೇ ಪ್ರಶ್ನೆ. ಅಕ್ಕ ಕಣ್ಣೊರೆಸಿಕೊಂಡು ಕಾರು ಓಡಿಸಿದರು. ಶೆಫೀಲ್ಡ್ ಬರುವಷ್ಟರಲ್ಲಿ ತಾತ ನಾಲ್ಕು ಸಲ ಕೇಳಿದರು, ನಾಲ್ಕು ಸಲವೂ ಮೊದಲ ಸಲದಷ್ಟೇ ಖುಷಿಪಟ್ಟರು. ಫೋನಿನ ಚಾರ್ಜ್ ಮುಗಿಯದಿದ್ದರೆ ಸಾಕು ಎಂಬುದೊಂದೇ ನನಗೆ ಉಳಿದ ಗಾಬರಿ.